ಬೆವರಿದವರೆಲ್ಲ ಸುಳ್ಳುಗಾರರಲ್ಲ

☸️ *ಇಂದಿನ ಧಮ್ಮ ಚಿಂತನೆ* ☸️

 



ಹೋದ ರವಿವಾರ ವಂದನೆ ಮುಗಿದ ಮೇಲೆ ನಾಲ್ಕನೆಯ ಶೀಲದ ಬಗ್ಗೆ ಮಾತು ನಡೆದಿತ್ತು. ಡಿಗ್ರಿ ಓದುವ ಹುಡುಗನೊಬ್ಬ ಎದ್ದು ಕೇಳಿದ: "ಸರ್, ನಾವು ಸುಳ್ಳು ಹೇಳಲ್ಲ ಅಂತ ಶೀಲ ತಗೊಂಡವರು. ಹಂಗಿದ್ರೆ ಸುಳ್ಳು ಹಿಡಿಯೋ ಮಷೀನಿಗೆ ನಾವ್ಯಾಕ ಅಂಜಬೇಕು? ನಮ್ಮವರ ಮ್ಯಾಲ ದೌರ್ಜನ್ಯ ಆದಾಗ ಎರಡೂ ಕಡೆಯವರನ್ನ ಅದರ ಮುಂದ ಕೂಡಿಸಿದ್ರ ಒಂದೇ ದಿನದಾಗ ಸತ್ಯ ಹೊರಗ ಬರ್ತದಲ್ಲ?"

ಒಳ್ಳೆಯ ಪ್ರಶ್ನೆ. ಅವತ್ತು ಹೊತ್ತಾಗಿತ್ತು. ಎರಡು ಮಾತಿನಲ್ಲಿ ಮುಗಿಸುವ ವಿಷಯವೂ ಅಲ್ಲ. ಹಾಗಾಗಿ ಇಂದಿನ ಚಿಂತನೆ ಅದರ ಮೇಲೆಯೇ. ತುಸು ಉದ್ದವಿದೆ, ಸಾವಕಾಶ ಓದಿರಿ.

*ಮಷೀನು ಏನನ್ನು ಅಳೆಯುತ್ತದೆ?*

ಸುಳ್ಳನ್ನೇ ಅಳೆಯುವ ಮಷೀನು ಜಗತ್ತಿನಲ್ಲಿ ಎಲ್ಲೂ ಇಲ್ಲ. ಪಾಲಿಗ್ರಾಫ್ ಎಂದು ಕರೆಯುವ ಸಾಧನ ದೇಹದಲ್ಲಿ ನಡೆಯುವ ಮೂರ್ನಾಲ್ಕು ಬದಲಾವಣೆಗಳನ್ನು ಬರೆದುಕೊಳ್ಳುತ್ತದೆ, ಅಷ್ಟೇ. ಎದೆ, ಹೊಟ್ಟೆಯ ಸುತ್ತ ಕಟ್ಟುವ ಪಟ್ಟಿ ಉಸಿರಾಟವನ್ನು ನೋಡುತ್ತದೆ. ದವಾಖಾನೆಯಲ್ಲಿ ಬಿ.ಪಿ. ನೋಡುವಾಗ ತೋಳಿಗೆ ಕಟ್ಟುವಂಥದೇ ಇನ್ನೊಂದು ಪಟ್ಟಿ ರಕ್ತದೊತ್ತಡ ಮತ್ತು ನಾಡಿಯನ್ನು ನೋಡುತ್ತದೆ. ಬೆರಳಿಗೆ ಸಿಕ್ಕಿಸುವ ಸಣ್ಣ ತಗಡುಗಳು ಬೆವರನ್ನು ಗುರುತಿಸುತ್ತವೆ. ಪ್ರಶ್ನೆ ಕೇಳಿದಂತೆ ಗೆರೆಗಳು ಏರಿಳಿಯುತ್ತವೆ. ಆ ಗೆರೆಗಳನ್ನು ನೋಡಿ "ಇವನು ಸುಳ್ಳು ಹೇಳಿದ" ಎಂದು ತೀರ್ಮಾನಿಸುವುದು ಎದುರಿಗೆ ಕುಳಿತ ಮನುಷ್ಯ.

ಈ ಬಗೆಯ ಸಾಧನವನ್ನು 1921 ರಲ್ಲಿ ಅಮೆರಿಕದ ಬರ್ಕ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ಸಿದ್ಧಪಡಿಸಿದ. ಅದಕ್ಕೂ ಮೊದಲು ರಕ್ತದೊತ್ತಡ ಮಾತ್ರ ನೋಡಿ ಸುಳ್ಳು ಹೇಳುವ ಒಂದು ಪರೀಕ್ಷೆ ಇತ್ತು. ಅದನ್ನು ಸಾಕ್ಷಿಯಾಗಿ ಒಪ್ಪಲು ವಾಷಿಂಗ್ಟನ್ನಿನ ಕೋರ್ಟು 1923 ರಲ್ಲೇ ನಿರಾಕರಿಸಿತು. ನೂರು ವರ್ಷ ಕಳೆದರೂ ವಾದ ಮುಗಿದಿಲ್ಲ.

ಪ್ರಶ್ನೆ ಕೇಳುವ ಒಂದು ಸಾಮಾನ್ಯ ಕ್ರಮ ಹೀಗಿದೆ. ಮೊದಲು ಯಾರನ್ನಾದರೂ ತುಸು ಮುಜುಗರಕ್ಕೆ ಈಡುಮಾಡುವ ಪ್ರಶ್ನೆ: "ನೀನು ಯಾವತ್ತಾದರೂ ನಿನ್ನನ್ನು ನಂಬಿದವರಿಗೆ ಮೋಸ ಮಾಡಿದ್ದೀಯಾ?" ಆಮೇಲೆ ಕೇಸಿನ ಪ್ರಶ್ನೆ: "ಆ ರಾತ್ರಿ ನೀನು ಅಲ್ಲಿದ್ದೆಯಾ?" ತಪ್ಪು ಮಾಡದವನು ಮೊದಲನೆಯದಕ್ಕೆ ಹೆಚ್ಚು ಗಾಬರಿಯಾಗುತ್ತಾನೆ, ತಪ್ಪು ಮಾಡಿದವನು ಎರಡನೆಯದಕ್ಕೆ ಹೆಚ್ಚು ಗಾಬರಿಯಾಗುತ್ತಾನೆ ಎಂಬುದು ಇದರ ಹಿಂದಿನ ಊಹೆ.

ಈ ಊಹೆಯನ್ನು ನಮ್ಮ ಬದುಕಿಗೆ ಹಚ್ಚಿ ನೋಡಿರಿ. ಮಾಡದ ಕೊಲೆಯ ಆರೋಪ ತಲೆ ಮೇಲಿದೆ. ಹೊರಗೆ ಹೆಂಡತಿ ಮಕ್ಕಳು ಕಾಯುತ್ತಿದ್ದಾರೆ. "ಆ ರಾತ್ರಿ ನೀನು ಅಲ್ಲಿದ್ದೆಯಾ?" ಎಂಬ ಒಂದು ಮಾತಿನ ಮೇಲೆ ಇಡೀ ಜೀವನ ನಿಂತಿದೆ. ಆ ಪ್ರಶ್ನೆಗೆ ಎದೆ ಹೊಡೆದುಕೊಳ್ಳದ ನಿರಪರಾಧಿ ಎಷ್ಟು ಮಂದಿ ಸಿಕ್ಕಾರು?

*ಧಮ್ಮದಲ್ಲಿ ಸುಳ್ಳು ಅಂದರೆ ಏನು?*

ಮುಸಾವಾದ ಪೂರ್ಣವಾಗಲು ನಾಲ್ಕು ಅಂಗಗಳು ಕೂಡಬೇಕೆಂದು ಪಾಲಿ ಅಟ್ಠಕಥೆಗಳು ವಿವರಿಸುತ್ತವೆ. ಒಂದು, ವಿಷಯ ನಿಜವಾಗಿಯೂ ಸುಳ್ಳಾಗಿರಬೇಕು. ಎರಡು, ಮೋಸಗೊಳಿಸುವ ಮನಸ್ಸು ಇರಬೇಕು. ಮೂರು, ಅದಕ್ಕೆ ತಕ್ಕ ಪ್ರಯತ್ನ, ಅಂದರೆ ಮಾತು ಅಥವಾ ಸನ್ನೆ ನಡೆಯಬೇಕು. ನಾಲ್ಕು, ಎದುರಿನವನಿಗೆ ಆ ಮಾತಿನ ಅರ್ಥ ಮುಟ್ಟಬೇಕು.

ಈ ನಾಲ್ಕರಲ್ಲಿ ಬೆವರು ಎಲ್ಲಿದೆ? ನಾಡಿ ಎಲ್ಲಿದೆ? ಎಲ್ಲೂ ಇಲ್ಲ. ಬುದ್ಧರು ಚೇತನವನ್ನೇ, ಅಂದರೆ ಉದ್ದೇಶವನ್ನೇ ಕಮ್ಮ ಎಂದರು. ಭಯಕ್ಕೂ ಬೆವರು ಬರುತ್ತದೆ, ಸಿಟ್ಟಿಗೂ ಬರುತ್ತದೆ, ಅವಮಾನಕ್ಕೂ ಬರುತ್ತದೆ, ಸತ್ತ ಮಗಳ ಹೆಸರು ಕೇಳಿದರೂ ಬರುತ್ತದೆ. ಬೆವರಿನಿಂದ ಉದ್ದೇಶ ಓದುತ್ತೇನೆ ಎನ್ನುವುದು ಹೊಗೆಯ ಬಣ್ಣ ನೋಡಿ ಒಲೆಯ ಮೇಲಿನ ಅಡುಗೆ ಯಾವುದೆಂದು ಹೇಳಿದ ಹಾಗೆ.

ನಮ್ಮ ಹುಡುಗನ ಪ್ರಶ್ನೆಗೆ ಮೊದಲ ಉತ್ತರ ಇದು. ಶೀಲ ಪಾಲಿಸಿದವನನ್ನೂ ಪಾಲಿಸದವನನ್ನೂ ಆ ಮಷೀನು ಬೇರೆ ಮಾಡುವುದಿಲ್ಲ. ಅಂಜಿದವನನ್ನೂ ಅಂಜದವನನ್ನೂ ಬೇರೆ ಮಾಡುತ್ತದೆ.

*ಲೆಕ್ಕ ಏನು ಹೇಳುತ್ತದೆ?*

ಮಷೀನು ಪೂರ್ತಿ ಬುರುಡೆ ಎಂದು ನಾನು ಹೇಳುವುದಿಲ್ಲ. ಅದು ಅನ್ಯಾಯದ ಮಾತಾಗುತ್ತದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003 ರಲ್ಲಿ ಇದರ ಮೇಲೆ ದೊಡ್ಡ ವರದಿ ಕೊಟ್ಟಿತು. ಒಂದು ನಿರ್ದಿಷ್ಟ ಘಟನೆಯ ಬಗ್ಗೆ ಕೇಳಿದಾಗ, ಕಣ್ಣು ಮುಚ್ಚಿ ಊಹಿಸುವುದಕ್ಕಿಂತ ಪಾಲಿಗ್ರಾಫ್ ಎಷ್ಟೋ ವಾಸಿ, ಆದರೆ ತಪ್ಪಿಲ್ಲದ ಪರೀಕ್ಷೆಯಿಂದ ಬಹಳ ದೂರ ಎಂದು ಅದು ಹೇಳಿತು.

ಅದೇ ವರದಿಯಲ್ಲಿ ಒಂದು ಲೆಕ್ಕ ಇದೆ, ಮಕ್ಕಳಿಗೆ ಬಿಡಿಸಿ ಹೇಳಿರಿ. 10,000 ನೌಕರರಿದ್ದಾರೆ, ಅವರಲ್ಲಿ 10 ಮಂದಿ ಗೂಢಚಾರರು ಅಂದುಕೊಳ್ಳಿ. ಆ ಹತ್ತರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ಮಾಡಿದರೆ, ಅವರ ಜೊತೆಗೆ 1,598 ಮಂದಿ ನಿರಪರಾಧಿಗಳೂ "ಸುಳ್ಳುಗಾರರು" ಎಂಬ ಪಟ್ಟಿಗೆ ಸೇರುತ್ತಾರೆ. ಇನ್ನಿಬ್ಬರು ಗೂಢಚಾರರು ಪಾಸಾಗಿ ಆರಾಮಾಗಿ ಮನೆಗೆ ಹೋಗುತ್ತಾರೆ.

ಹಾಗೆ ಪಾಸಾದವರು ನಿಜವಾಗಿಯೂ ಇದ್ದರು. ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿದ್ದ ಆಲ್ಡ್ರಿಚ್ ಏಮ್ಸ್ ಸೋವಿಯತ್ ರಷ್ಯಾಕ್ಕೆ ಗುಟ್ಟು ಮಾರುತ್ತಲೇ 1986 ಮತ್ತು 1991 ರಲ್ಲಿ ಎರಡು ಸಲ ಪಾಲಿಗ್ರಾಫ್ ದಾಟಿದ. ಸಿಕ್ಕಿಬಿದ್ದದ್ದು 1994 ರಲ್ಲಿ. ನಾಚಿಕೆಯಿಲ್ಲದೆ, ನಿರಾಳವಾಗಿ ಸುಳ್ಳು ಹೇಳುವವನಿಗೆ ಈ ಪರೀಕ್ಷೆ ಹಗುರ. ಮನಸ್ಸಾಕ್ಷಿ ಇದ್ದು ಬೇಗ ತಳಮಳಿಸುವವನಿಗೆ ಭಾರ. ನೀತಿಯ ಕಣ್ಣಿನಿಂದ ನೋಡಿದರೆ ಇದು ತಲೆಕೆಳಗಾದ ಪರೀಕ್ಷೆ.

*ಅಂಜಿಕೆಯಲ್ಲೂ ಜಾತಿ ಇದೆ*

ನಾನು ಸಣ್ಣವನಿದ್ದಾಗ ಊರಲ್ಲಿ ಕಳವಾದರೆ ಗುಡಿ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸುತ್ತಿದ್ದರು. ಮೊದಲು ಕರೆ ಬರುತ್ತಿದ್ದುದು ನಮ್ಮ ಕೇರಿಗೆ. ಗುಡಿಯೊಳಗೆ ಬಿಡದವರನ್ನು ಗುಡಿ ಮುಂದೆ ನಿಲ್ಲಿಸಿ ಸತ್ಯ ಕೇಳುತ್ತಿದ್ದರು. ಯಾರ ಕೈ ನಡುಗಿತೋ ಅವನೇ ಕಳ್ಳ. ಸಾಲ ಕೊಟ್ಟ ಗೌಡರು, ಕೂಲಿ ಕೊಡುವ ಸಾಹುಕಾರರು ಸುತ್ತ ನಿಂತಿರುವಾಗ ಜೀತದಾಳಿನ ಕೈ ನಡುಗದೆ ಇನ್ನೇನು? ಇಂದಿಗೂ, ಯಾವ ತಪ್ಪೂ ಮಾಡದೆ, ಬರೀ ಒಂದು ಅರ್ಜಿ ಕೊಡಲು ಠಾಣೆಯ ಮೆಟ್ಟಿಲು ಹತ್ತಿದಾಗ ನನ್ನ ಅಂಗೈ ಒದ್ದೆಯಾಗುತ್ತದೆ. ಅದು ನನ್ನೊಬ್ಬನ ಬೆವರಲ್ಲ, ನನ್ನ ಅಪ್ಪ, ಅಜ್ಜ ಅಂಜಿ ಬದುಕಿದ ಬೆವರು.

ಈ ಪದ್ಧತಿಗೆ ಹಳೆಯ ಬೇರು ಇದೆ. ಸ್ವರ, ಮುಖದ ಬಣ್ಣ, ಕಣ್ಣು, ಸನ್ನೆ ನೋಡಿ ಮನುಷ್ಯನ ಒಳಗನ್ನು ತಿಳಿಯಬೇಕು ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ರಾಜನಿಗೆ ಹೇಳುತ್ತದೆ. ಅದೇ ಅಧ್ಯಾಯ ಪ್ರಮಾಣವನ್ನೂ ವರ್ಣಕ್ಕೊಂದರಂತೆ ಹಂಚುತ್ತದೆ: ಬ್ರಾಹ್ಮಣನಿಗೆ ಸತ್ಯದ ಮೇಲೆ ಆಣೆ, ಶೂದ್ರನಿಗೆ ಸಕಲ ಪಾಪಗಳ ಮೇಲೆ ಆಣೆ. ಯಾಜ್ಞವಲ್ಕ್ಯ ಸ್ಮೃತಿಯ ದಿವ್ಯ ಪರೀಕ್ಷೆಗಳಲ್ಲಿ ಬ್ರಾಹ್ಮಣನಿಗೆ ತಕ್ಕಡಿ, ಶೂದ್ರನಿಗೆ ಏಳು ಜವೆಕಾಳಿನ ತೂಕದ ವಿಷ. ಈ ಸ್ಮೃತಿಗೆ ಪ್ರಸಿದ್ಧ ವ್ಯಾಖ್ಯಾನವಾದ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣ ನಾಡಿನಲ್ಲೇ ಇದ್ದವನು. ಒಬ್ಬನನ್ನು ತಕ್ಕಡಿಯಲ್ಲಿ ತೂಗಿ, ಇನ್ನೊಬ್ಬನಿಗೆ ವಿಷ ಕುಡಿಸಿ ಇಬ್ಬರಿಗೂ ಸತ್ಯದ ಪರೀಕ್ಷೆ ಮಾಡಿದೆವು ಎಂದರೆ, ತೀರ್ಪು ಪರೀಕ್ಷೆಗೆ ಮೊದಲೇ ಆಗಿಹೋಗಿದೆ. ಬಾಬಾಸಾಹೇಬರು 1927 ರ ಡಿಸೆಂಬರ್ 25 ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಡಿಸಿದ್ದರ ಹಿಂದೆ ಇಂಥ ಎಷ್ಟು ಲೆಕ್ಕಗಳಿದ್ದವೋ ಯೋಚಿಸಿರಿ.

ಮಷೀನಿಗೆ ಜಾತಿ ಗೊತ್ತಿಲ್ಲ ಎನ್ನುತ್ತಾರೆ. ಮಷೀನಿಗೆ ಗೊತ್ತಿಲ್ಲದಿರಬಹುದು, ಅದರ ಪಟ್ಟಿ ಕಟ್ಟಿಸಿಕೊಂಡ ಎದೆಗೆ ಗೊತ್ತಿದೆ. ಅದರ ಮುಂದೆ ಯಾರನ್ನು ಕೂಡಿಸಬೇಕೆಂದು ಹೇಳುವವರಿಗೂ ಗೊತ್ತಿದೆ.

2020 ರ ಹಾಥರಸ್ ನೆನಪಿದೆಯಲ್ಲ. 19 ವರ್ಷದ ನಮ್ಮ ಮಗಳು ಸೆಪ್ಟೆಂಬರ್ 29 ರಂದು ತೀರಿಕೊಂಡಳು. ಮನೆಯವರನ್ನು ದೂರ ಇಟ್ಟು ರಾತ್ರೋರಾತ್ರಿ ಶವ ಸುಟ್ಟರು. ಮೂರು ದಿನಕ್ಕೆ ಉತ್ತರ ಪ್ರದೇಶ ಸರ್ಕಾರ ಪಾಲಿಗ್ರಾಫ್ ಮತ್ತು ನಾರ್ಕೋ ಪರೀಕ್ಷೆ ಮಾಡಿಸುವುದಾಗಿ ಹೇಳಿತು. ಆರೋಪಿಗಳಿಗೆ, ಪೊಲೀಸರಿಗೆ, ಜೊತೆಗೆ ಸತ್ತ ಹುಡುಗಿಯ ಮನೆಯವರಿಗೂ! ಮನೆಯವರು ಒಪ್ಪಲಿಲ್ಲ. ಮಗಳನ್ನು ಕಳಕೊಂಡ ತಾಯಿಯ ನಾಡಿ ಹೇಗೆ ಓಡುತ್ತಿರುತ್ತದೆ? ಆ ಗೆರೆಯನ್ನು ನೋಡಿ ಯಾರು, ಏನು ಓದುತ್ತಿದ್ದರು?

*ನಮ್ಮದೇ ರಾಜ್ಯದ ತೀರ್ಪು, ನಮಗೆ ಕಷ್ಟದ ಪ್ರಶ್ನೆ*

ಹಾಗೆ ಒಪ್ಪದಿರುವ ಹಕ್ಕನ್ನು ಸ್ಪಷ್ಟ ಮಾಡಿದ್ದು ಕರ್ನಾಟಕದಿಂದ ಹೋದ ಕೇಸು. ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟಿನ ತೀರ್ಪು 2010 ರ ಮೇ 5. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಮೂವರ ಪೀಠ ಹೇಳಿದ್ದು ಇಷ್ಟು: ಪಾಲಿಗ್ರಾಫ್, ನಾರ್ಕೋ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಯಾರ ಮೇಲೂ ಒತ್ತಾಯದಿಂದ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಫಲಿತಾಂಶವೇ ಸಾಕ್ಷಿಯಾಗುವುದಿಲ್ಲ. ಒಪ್ಪಿದ ಪರೀಕ್ಷೆಯಿಂದ ಸುಳಿವು ಸಿಕ್ಕು, ಆಮೇಲೆ ಯಾವುದಾದರೂ ವಸ್ತು ಅಥವಾ ಮಾಹಿತಿ ನಿಜವಾಗಿ ಪತ್ತೆಯಾದರೆ ಅದನ್ನು ಮಾತ್ರ ಕಾನೂನಿನಂತೆ ಪರಿಗಣಿಸಬಹುದು.

ಈಗ ಆ ಕೇಸಿನ ಹಿನ್ನೆಲೆ ಕೇಳಿರಿ. ಬೆಂಗಳೂರಿನಲ್ಲಿ ಒಬ್ಬ ಹುಡುಗಿ ಬೇರೆ ಜಾತಿಯ ಯುವಕನನ್ನು ಮನೆಯವರ ಮನಸ್ಸಿಗೆ ವಿರುದ್ಧವಾಗಿ ಮದುವೆಯಾದಳು. 2004 ರಲ್ಲಿ ಆ ಯುವಕನ ಕೊಲೆಯಾಯಿತು. ಸಂಶಯ ಹೆಣ್ಣಿನ ಮನೆಯವರ ಮೇಲೆ ಬಿತ್ತು. ಪರೀಕ್ಷೆ ಬೇಡ ಎಂದು ಕೋರ್ಟಿಗೆ ಹೋದವರು ಅವರು. ಅವರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದು ಆ ತೀರ್ಪಿನ ವಿಷಯವಾಗಿರಲಿಲ್ಲ.

ನಾವು ಅಂತರ್ಜಾತಿ ಮದುವೆಯೇ ಜಾತಿನಾಶದ ದಾರಿ ಎಂದು ನಂಬಿದವರು. ಅಂಥ ಮದುವೆಗಾಗಿ ಸತ್ತ ಹುಡುಗ ನಮ್ಮ ಹುಡುಗನೇ. "ಅಂಥ ಕೇಸಿನಲ್ಲಿ ಸಂಶಯ ಬಂದವರಿಗೂ ಹಕ್ಕು ಬೇಕಾ?" ಎಂದು ಹೊಟ್ಟೆಯೊಳಗಿಂದ ಸಿಟ್ಟು ಬರುತ್ತದೆ. ನನಗೂ ಬರುತ್ತದೆ.

ಆದರೂ ಬೇಕು ಎಂದೇ ನನ್ನ ಉತ್ತರ. ನಮಗೆ ಬೇಡವಾದವರಿಗೆ ಕೊಡದ ಹಕ್ಕು ನಮಗೂ ಉಳಿಯುವುದಿಲ್ಲ. ಅವತ್ತು ಆ ಮನೆಯವರನ್ನು ಒತ್ತಾಯದಿಂದ ಕೂಡಿಸಬಹುದು ಎಂದು ತೀರ್ಪು ಬಂದಿದ್ದರೆ, ಹತ್ತು ವರ್ಷದ ಮೇಲೆ ಹಾಥರಸ್‌ನ ತಾಯಿ "ಒಲ್ಲೆ" ಎನ್ನಲು ಯಾವ ಆಸರೆ ಇರುತ್ತಿತ್ತು? ಆರೋಪಿಯನ್ನು ಅವನ ವಿರುದ್ಧ ಅವನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು ಸಂವಿಧಾನದ 20(3) ನೇ ವಿಧಿ ಹೇಳುತ್ತದೆ. ಬಾಬಾಸಾಹೇಬರ ಅಧ್ಯಕ್ಷತೆಯ ಕರಡು ಸಮಿತಿಯಿಂದ ಬಂದ ಆ ಸಂವಿಧಾನ "ಒಳ್ಳೆಯ ಆರೋಪಿಗೆ ಮಾತ್ರ" ಎಂದು ಬರೆಯಲಿಲ್ಲ.

"ಹಾಗಾದರೆ ಸುಮ್ಮನಿರುವುದು ಸುಳ್ಳಲ್ಲವೇ?" ಎಂದು ಕೆಲವರು ಕೇಳಬಹುದು. ಅಲ್ಲ. ಬುದ್ಧರೇ ಕೆಲವು ಪ್ರಶ್ನೆಗಳಿಗೆ ಮೌನವಾಗಿದ್ದರು. ಮಾತಾಡಿದಾಗ ಸತ್ಯವನ್ನೇ ಆಡಬೇಕು ಎಂಬುದು ಶೀಲ. ಯಾರು, ಯಾವ ಒತ್ತಾಯದಿಂದ ಕೇಳಿದರೂ ನನ್ನ ದೇಹವನ್ನು ಅವರ ಕೈಗೆ ಕೊಡಬೇಕು ಎಂಬುದು ಶೀಲವಲ್ಲ.

*ಯಾರಾದರೂ "ಪರೀಕ್ಷೆಗೆ ಬಾ" ಎಂದರೆ*

ಇದನ್ನು ಎಲ್ಲರೂ ನೆನಪಿಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000 ದ ಮಾರ್ಗಸೂಚಿಯನ್ನು ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ. ಅದರಂತೆ:

▪️ ನಿಮ್ಮ ಒಪ್ಪಿಗೆ ಇಲ್ಲದೆ ಪಾಲಿಗ್ರಾಫ್ ಮಾಡುವಂತಿಲ್ಲ.
▪️ ಒಪ್ಪುವ ಮೊದಲು ವಕೀಲರನ್ನು ಕಾಣುವ ಅವಕಾಶ ಕೊಡಬೇಕು. ಪರೀಕ್ಷೆಯಿಂದ ದೇಹಕ್ಕೆ, ಮನಸ್ಸಿಗೆ, ಕಾನೂನಿನಲ್ಲಿ ಏನಾಗುತ್ತದೆಂದು ವಿವರಿಸಬೇಕು.
▪️ ಒಪ್ಪಿಗೆಯನ್ನು ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಠಾಣೆಯಲ್ಲಿ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತುವುದು ಒಪ್ಪಿಗೆಯಲ್ಲ.
▪️ ಪರೀಕ್ಷೆಯಲ್ಲಿ ಆಡಿದ ಮಾತಿಗೆ ತಪ್ಪೊಪ್ಪಿಗೆಯ ಬೆಲೆ ಇಲ್ಲ. ಪೊಲೀಸರ ಮುಂದೆ ಆಡಿದ ಹೇಳಿಕೆಯಷ್ಟೇ ಅದರ ಬೆಲೆ.
▪️ ಪರೀಕ್ಷೆ ನಡೆಯುವುದು ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆಯಿಂದ, ವಕೀಲರ ಹಾಜರಿಯಲ್ಲಿ.

*ಹಾಗಾದರೆ ಸತ್ಯ ಹೇಗೆ ಹೊರಗೆ ಬರಬೇಕು?*

2000 ದ ಮಾರ್ಚ್ 11 ರಂದು ಕೋಲಾರ ಸೀಮೆಯ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಮಂದಿಯನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿ ಬಿದ್ದರು. 2006 ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014 ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೊರತೆಯಾದದ್ದು ಮಷೀನು ಅಲ್ಲ. ನೋಡಿದ್ದನ್ನು ನೋಡಿದೆ ಎಂದು ಹೇಳಿ, ಮರುದಿನ ಅದೇ ಊರಲ್ಲಿ ಬದುಕುವ ಧೈರ್ಯಕ್ಕೆ ಬೇಕಾದ ರಕ್ಷಣೆ ಕೊರತೆಯಾಯಿತು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014 ರ ಆಗಸ್ಟ್‌ನಲ್ಲಿ ನಮ್ಮ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಹತ್ತು ವರ್ಷದ ವಿಚಾರಣೆಯ ಮೇಲೆ, 2024 ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲಿನ ಕೋರ್ಟಿನ ದಾರಿ ಅವರಿಗೂ ಇದ್ದೇ ಇದೆ. ಆದರೆ ಅಷ್ಟು ದೂರ ಹೋದದ್ದು ಕೋರ್ಟಿನಲ್ಲಿ ನಡೆದ ವಿಚಾರಣೆಯಿಂದ, ಬೆರಳಿಗೆ ಸಿಕ್ಕಿಸಿದ ತಗಡಿನಿಂದಲ್ಲ.

ನಾವು ಕೇಳಬೇಕಾದದ್ದು ಇದನ್ನೇ. ದೌರ್ಜನ್ಯ ತಡೆ ಕಾಯ್ದೆಯ 2015 ರ ತಿದ್ದುಪಡಿಯಲ್ಲಿ 15ಎ ಎಂಬ ಕಲಂ ಸೇರಿತು. ಸಂತ್ರಸ್ತರಿಗೆ, ಅವರ ಅವಲಂಬಿತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. "ಮಷೀನು ತನ್ನಿ" ಎಂದು ಕೂಗುವ ಬದಲು "15ಎ ಜಾರಿ ಮಾಡಿ" ಎಂದು ಅರ್ಜಿ ಬರೆಯೋಣ. ಅಂಜಿಕೆಯನ್ನು ಅಳೆಯುವುದಕ್ಕಿಂತ ಅಂಜಿಕೆಯನ್ನು ತೆಗೆಯುವುದು ಸತ್ಯಕ್ಕೆ ಹತ್ತಿರದ ದಾರಿ.

ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಭೀಮಾ ದಂಡೆಯ ಸನ್ನತಿಗೆ ನಮ್ಮಲ್ಲಿ ಬಹಳ ಮಂದಿ ಹೋಗಿ ಬಂದಿದ್ದೀರಿ. ಅಲ್ಲಿ ಗುಡಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಇರುವುದು 1989 ರಲ್ಲಿ ಬೆಳಕಿಗೆ ಬಂತು. ಆ ಕಲ್ಲಿನಲ್ಲಿರುವ ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ, ಜೌಗಡದಲ್ಲೂ ಇವೆ. ಅವುಗಳಲ್ಲಿ ಮೊದಲನೆಯದು ನ್ಯಾಯ ನೋಡುವ ಅಧಿಕಾರಿಗಳಿಗೆ ಎಚ್ಚರಿಕೆ ಕೊಡುತ್ತದೆ: ಕಾರಣವಿಲ್ಲದೆ ಯಾರೂ ಸೆರೆ, ಹಿಂಸೆ ಅನುಭವಿಸಬಾರದು, ನೀವು ಸಮಭಾವದಿಂದ ನಡೆಯಬೇಕು. ಅದಕ್ಕೆ ಅಡ್ಡಬರುವ ದೋಷಗಳ ಪಟ್ಟಿಯಲ್ಲಿ ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯದ ಜೊತೆ ಆತುರ ಮತ್ತು ಸೋಮಾರಿತನವೂ ಇವೆ. ಸಾಕ್ಷಿ ಹುಡುಕುವ ಕಷ್ಟ ಬಿಟ್ಟು ಮಷೀನಿನಿಂದ ಬೇಗ ಮುಗಿಸೋಣ ಎನ್ನುವ ಅಧಿಕಾರಿಯಲ್ಲಿ ಈ ಕೊನೆಯ ಎರಡೂ ಇವೆ.

*ಇಂದಿನ ಅಭ್ಯಾಸ*

ಬುದ್ಧರು ರಾಹುಲನಿಗೆ ಸುಳ್ಳಿನ ಬಗ್ಗೆ ಬೋಧಿಸಿದ ಸುತ್ತ ಒಂದಿದೆ. ಅಶೋಕ ತನ್ನ ಬೈರಾಟ್ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಕೇಳಬೇಕೆಂದು ಹೇಳಿದ ಪಾಠಗಳಲ್ಲಿ ಅದೂ ಒಂದು. ಅಲ್ಲಿ ಬುದ್ಧರು ಕನ್ನಡಿಯ ಮಾತು ತೆಗೆಯುತ್ತಾರೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಮಾತಾಡುವ ಮೊದಲು, ಆಡುವಾಗ, ಆಡಿದ ಮೇಲೆ ನಿನ್ನ ಮಾತನ್ನು ನೀನೇ ನೋಡಿಕೋ, ಅದರಿಂದ ನಿನಗಾಗಲಿ ಪರರಿಗಾಗಲಿ ಕೇಡಿದೆಯೇ ಎಂದು.

ಗಮನಿಸಿರಿ, ಆ ಕನ್ನಡಿಯನ್ನು ಬುದ್ಧರು ರಾಹುಲನ ಕೈಗೇ ಕೊಟ್ಟರು. ಅವನ ಮುಖದ ಮುಂದೆ ಹಿಡಿಯಲು ಇನ್ನೊಬ್ಬರನ್ನು ನೇಮಿಸಲಿಲ್ಲ. 1956 ರ ಅಕ್ಟೋಬರ್ 14 ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದನ್ನೂ ನಾವು ನಮ್ಮ ಬಾಯಿಂದಲೇ ಹೇಳಿದೆವು, ಯಾರೂ ಪಟ್ಟಿ ಕಟ್ಟಿ ಹೇಳಿಸಲಿಲ್ಲ.

ಇವತ್ತು ಒಂದು ಕೆಲಸ ಮಾಡೋಣ. ಮನೆಯಲ್ಲಿ ಮಗು ತಡವರಿಸಿದರೆ, ಕೆಲಸದವರ ಮುಖ ಬಾಡಿದರೆ, ಸೊಸೆ ಉತ್ತರ ಹೇಳಲು ಹಿಂದೆಮುಂದೆ ನೋಡಿದರೆ, "ಮುಖ ನೋಡಿದ್ರೇ ಗೊತ್ತಾಗ್ತದ, ಸುಳ್ಳು ಹೇಳಾಕತ್ತೀದಿ" ಎನ್ನುವ ಮೊದಲು ಒಂದು ಉಸಿರು ತಡೆಯೋಣ. ಅದು ಸುಳ್ಳೋ, ನಮ್ಮ ಮೇಲಿನ ಅಂಜಿಕೆಯೋ ಎಂದು ಕೇಳಿಕೊಳ್ಳೋಣ. ಅಂಜಿಕೆಯಾಗಿದ್ದರೆ ತಿದ್ದಬೇಕಾದದ್ದು ಅವರನ್ನಲ್ಲ.

ಓದಿದವರು ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ. ಪ್ರಶ್ನೆಗಳಿದ್ದರೆ ರವಿವಾರ ತನ್ನಿರಿ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್